ರೊಕ್ಕ ಹೋಗೇತ್ರಿ, ಬಿಲ್ ಹಂಗ ಐತ್ರಿ

ಕೆಲವು ವರ್ಷದ ಹಿಂದೆ ನಾನು ಬಿಲ್ ಕಟ್ಟುವ ಒಂದು ಆ್ಯಪ್‌ನ ತಂಡದಲ್ಲಿದ್ದೆ. ಕರೆಂಟು, ನೀರು, ಗ್ಯಾಸು, ಎಲ್ಲ ಬಿಲ್ಲೂ ಅದರಲ್ಲೇ. ಗ್ರಾಹಕರು ಬರೆದಿದ್ದನ್ನು ಓದಿ, ಹೇಳಿದ್ದನ್ನು ಕೇಳಿ, ಆ್ಯಪ್‌ನಲ್ಲಿ ಎಲ್ಲಿ ಏನು ಸರಿಮಾಡಬೇಕು ಅಂತ ಗುರುತಿಸುವುದು ನನ್ನ ಕೆಲಸ. ಒಂದು ದಿನ ಕಸ್ಟಮರ್ ಕೇರ್‌ಗೆ ಬಂದ ಕರೆಗಳ ರೆಕಾರ್ಡಿಂಗ್ ಕೇಳುತ್ತಾ ಕೂತಿದ್ದೆ. ಹುಬ್ಬಳ್ಳಿ ಕಡೆಯ ಹೆಣ್ಣುಮಗಳೊಬ್ಬರ ದನಿ. "ರೊಕ್ಕ ಹೋಗೇತ್ರಿ, ಬಿಲ್ ಹಂಗ ಐತ್ರಿ. ಎರಡ ಸಲ ಕಟ್ಟೀನ್ರಿ."

ಆ ಕರೆಗೆ ನಮ್ಮವರು ಹಾಕಿದ್ದ ಗುರುತು ‘ಪೇಮೆಂಟ್ ಫೇಲ್’. ತಾಂತ್ರಿಕ ತಂಡದವರನ್ನು ಕೇಳಿದೆ. ಅವರು ಲಾಗ್, ಅಂದರೆ ಕಂಪ್ಯೂಟರ್ ಬರೆದಿಟ್ಟ ದಾಖಲೆ, ತೆಗೆದು ತೋರಿಸಿದರು. ಎರಡೂ ಸಲ ಪೇಮೆಂಟ್ ಸಕ್ಸಸ್. ಅವರ ಲೆಕ್ಕದಲ್ಲಿ ಏನೂ ಕೆಟ್ಟಿರಲಿಲ್ಲ.

ಆಮೇಲೆ ನಾನೇ ಒಂದು ಬಿಲ್ ಕಟ್ಟಿ ನೋಡಿದೆ. ಹಣ ಹೋದ ಮೇಲೆ ಪರದೆ ಮೇಲೆ ಒಂದು ಚಕ್ರ ತಿರುಗುತ್ತಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಪದ, ‘ಪ್ರಾಸೆಸಿಂಗ್’. ಹಿಂದಕ್ಕೆ ಬಂದರೆ ಬಿಲ್ ಇನ್ನೂ ಬಾಕಿ ಅಂತಲೇ ತೋರಿಸುತ್ತಿತ್ತು. ಹಣ ಬ್ಯಾಂಕಿನಿಂದ ಹೊರಟು ವಿದ್ಯುತ್ ಕಂಪನಿಯ ಲೆಕ್ಕದಲ್ಲಿ ಜಮಾ ಆಗಲು ಸ್ವಲ್ಪ ಹೊತ್ತು ಬೇಕು. ಅದು ನಮಗೆ ಗೊತ್ತಿತ್ತು. ಆ ಹೆಣ್ಣುಮಗಳಿಗೆ ಯಾರೂ ಹೇಳಿರಲಿಲ್ಲ. ನಾಳೆ ಕೊನೇ ದಿನ, ಕಟ್ಟದಿದ್ದರೆ ಫ್ಯೂಸ್ ಕಿತ್ತುಕೊಂಡು ಹೋಗ್ತಾರೆ ಅನ್ನೋ ಭಯ ಬೇರೆ. ಯಾರಾದ್ರೂ ಇನ್ನೊಂದು ಸಲ ಕಟ್ಟೇ ಕಟ್ತಾರೆ, ಅಲ್ವಾ?

ಸರಿಮಾಡಿದ್ದು ತುಂಬಾ ಸಣ್ಣ ಕೆಲಸ. ಚಕ್ರದ ಜಾಗದಲ್ಲಿ ಮೂರು ಸಾಲು ಬಂತು: "ನಿಮ್ಮ ಹಣ ನಮಗೆ ತಲುಪಿದೆ. ಬಿಲ್‌ನಲ್ಲಿ ಕಾಣಲು ಸ್ವಲ್ಪ ಹೊತ್ತು ಬೇಕು. ದಯವಿಟ್ಟು ಮತ್ತೆ ಕಟ್ಟಬೇಡಿ." ಅದೇ ಬಿಲ್ಲಿಗೆ ಕೂಡಲೇ ಎರಡನೇ ಸಲ ಹಣ ಹೋಗದ ಹಾಗೆ ಬಟನ್ನನ್ನೂ ತಡೆದೆವು. ಅಂಥ ಕರೆಗಳು ಬರೋದು ಬಹುಮಟ್ಟಿಗೆ ನಿಂತುಹೋಯಿತು.

ಈ ಕೆಲಸದಲ್ಲಿ ನಾನು ಗಟ್ಟಿಯಾಗಿ ನಂಬಿರುವುದು ಇದೊಂದನ್ನೇ. ಗ್ರಾಹಕರು ಹೇಳುವುದು ತಮಗೆ ಏನಾಯಿತು ಅಂತ. ಆ್ಯಪ್‌ನಲ್ಲಿ ಏನು ಕೆಟ್ಟಿದೆ ಅಂತ ಹೇಳುವುದು ಅವರ ಕೆಲಸ ಅಲ್ಲ. ಅವರ ಮಾತನ್ನು ನಮ್ಮ ಗುರುತಿನ ಡಬ್ಬಿಗೆ ಹಾಕಿ ಮುಚ್ಚಿಬಿಟ್ಟರೆ ಅರ್ಧ ವಿಷಯ ಅಲ್ಲೇ ಸತ್ತುಹೋಗುತ್ತದೆ.

‘ಹಣ ಹೋಯ್ತು’ ಅನ್ನುವ ಎರಡು ಪದವನ್ನೇ ತೆಗೆದುಕೊಳ್ಳಿ. ಖಾತೆಯಿಂದ ಕಟ್ ಆಗಿ ಆ ಕಡೆ ಸೇರದೇ ಇರಬಹುದು. ಸೇರಿದ್ದರೂ ಅಂಗಡಿಯವನಿಗೆ ಮೆಸೇಜ್ ಬರದೇ ಇರಬಹುದು. ತಪ್ಪು ನಂಬರಿಗೆ ಹೋಗಿರಬಹುದು. ಒಂದೊಂದಕ್ಕೂ ಉತ್ತರ ಬೇರೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿ ಮೊದಲ ಎರಡಕ್ಕೆ ಗಡುವು ಹಾಕಿದೆ. ಯುಪಿಐನಲ್ಲಿ ನೀವು ಒಬ್ಬರಿಗೆ ಕಳಿಸಿದ ಹಣ ಕಟ್ ಆಗಿ ಅವರ ಖಾತೆಗೆ ಸೇರದಿದ್ದರೆ ಮರುದಿನದೊಳಗೆ ವಾಪಸ್ ಬರಬೇಕು. ಅಂಗಡಿಗೆ ಕಟ್ಟಿ ಅವರಿಗೆ ಖಾತ್ರಿ ಬರದಿದ್ದರೆ 5 ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಹೀಗೆ ಗಡುವು ಇರುವಾಗ ‘ಕಾದು ನೋಡಿ’ ಅಂತ ಯಾಕೆ ಬರೆಯಬೇಕು? ಇಂಥ ತಾರೀಖಿನೊಳಗೆ ವಾಪಸ್ ಬರುತ್ತದೆ, ಬರದಿದ್ದರೆ ಇಲ್ಲಿ ಒತ್ತಿ ಅಂತ ಪರದೆ ಮೇಲೇ ಹಾಕಿ. ಹಣ ಕಟ್ ಆದವರಿಗೆ ಬೇಕಾಗಿರುವುದು ಒಂದು ತಾರೀಖು. ನೂರಾರು ಕರೆ ಕೇಳಿ ನನಗೆ ಖಾತ್ರಿಯಾಗಿದ್ದು ಅದು.

ಇನ್ನು ಭಾಷೆಯ ವಿಷಯ. ಮೊದಮೊದಲು ಹಣದ ದೂರುಗಳನ್ನು ಹುಡುಕಲು ನಾವು ಇಟ್ಟುಕೊಂಡಿದ್ದ ಪದಗಳು ‘ಪೇಮೆಂಟ್’, ‘ಹಣ’, ‘ರೀಫಂಡ್’. ಆ ಪಟ್ಟಿಯಲ್ಲಿ ‘ರೊಕ್ಕ’ ಇರಲಿಲ್ಲ. ‘ದುಡ್ಡು’ ಇರಲಿಲ್ಲ. ಅಂದರೆ ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯವರು ಬರೆದ ಎಷ್ಟೋ ದೂರು ನಮ್ಮ ಲೆಕ್ಕಕ್ಕೇ ಬರುತ್ತಿರಲಿಲ್ಲ. ಉತ್ತರ ಕರ್ನಾಟಕದಲ್ಲಿ ದೂರು ಕಡಿಮೆ ಅಂತ ವರದಿ ಹೇಳುತ್ತಿತ್ತು. ಅದನ್ನು ನಂಬಿಕೊಂಡು ಕೂತಿದ್ದೆವಲ್ಲ ಅಂತ ಈಗಲೂ ಬೇಜಾರಾಗುತ್ತದೆ. ಜೊತೆಗೆ ತುಂಬಾ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ. ಒಂದೇ ‘ಆಗ್ತಿಲ್ಲ’ವನ್ನು ಹತ್ತು ಥರ ಬರೆಯುತ್ತಾರೆ. ಮಾತಿನ ಭಾವ ಅಳೆಯುವ ಸಾಫ್ಟ್‌ವೇರ್‌ಗಳು ಇಲ್ಲಿ ಸುಲಭವಾಗಿ ಎಡವುತ್ತವೆ. ‘ಸೂಪರ್ ಆಗಿದೆ ನಿಮ್ಮ ಆ್ಯಪ್, ಮೂರು ದಿನದಿಂದ ಓಪನ್ನೇ ಆಗ್ತಿಲ್ಲ’ ಅಂತ ಒಬ್ಬರು ಬರೆದಿದ್ದರು. ನಮ್ಮ ಸಾಫ್ಟ್‌ವೇರ್ ಅದನ್ನು ಮೆಚ್ಚುಗೆ ಅಂತ ಎಣಿಸಿತ್ತು. ಅದಕ್ಕೇ ವಾರಕ್ಕೆ ಒಂದು ತಾಸಾದರೂ ಬಂದ ಮಾತನ್ನು ಇದ್ದ ಹಾಗೇ ಓದಿ ಅಂತ ನಾನು ಪ್ರತಿ ತಂಡಕ್ಕೂ ಹೇಳುತ್ತೇನೆ. ಮ್ಯಾನೇಜರುಗಳೂ ಓದಬೇಕು. ಕನ್ನಡ ಬಲ್ಲ ಒಬ್ಬರು ಪಕ್ಕದಲ್ಲಿರಬೇಕು, ಆದಷ್ಟೂ ಬೇರೆ ಬೇರೆ ಸೀಮೆಯವರು.

ಅಂಕಗಳ ಬಗ್ಗೆಯೂ ಹೇಳಬೇಕು. ‘ನಮ್ಮನ್ನು ಸ್ನೇಹಿತರಿಗೆ ಶಿಫಾರಸು ಮಾಡ್ತೀರಾ, 0ಯಿಂದ 10ರೊಳಗೆ ಅಂಕ ಕೊಡಿ’ ಅನ್ನುವ ಪ್ರಶ್ನೆಯನ್ನು ನೀವೂ ನೋಡಿರುತ್ತೀರಿ. ಫ್ರೆಡ್ ರೈಕೆಲ್ಡ್ ಎಂಬವರು 2003ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಬರೆದ ಮೇಲೆ ಇದು ಎಲ್ಲೆಡೆ ಹಬ್ಬಿತು. 9, 10 ಕೊಟ್ಟವರು ನಮ್ಮ ಪರ. 7, 8 ಕೊಟ್ಟವರು ಲೆಕ್ಕಕ್ಕಿಲ್ಲ. 6 ಅಥವಾ ಅದಕ್ಕಿಂತ ಕಡಿಮೆ ಕೊಟ್ಟವರು ಅತೃಪ್ತರು. ಪರ ಇರುವವರ ಶೇಕಡಾವಾರಿನಿಂದ ಅತೃಪ್ತರ ಶೇಕಡಾವಾರು ಕಳೆದರೆ ಸ್ಕೋರ್. ಆದರೆ ನಾವು ಓದಿದ ಶಾಲೆಯಲ್ಲಿ 60 ಬಂದರೆ ಫಸ್ಟ್ ಕ್ಲಾಸ್. ತುಮಕೂರಿನ ಒಬ್ಬ ನಿವೃತ್ತ ಮೇಷ್ಟ್ರು ನಮಗೆ 6 ಕೊಟ್ಟಿದ್ದರು. ಏನು ತೊಂದರೆ ಆಯ್ತು ಸಾರ್ ಅಂತ ಫೋನ್ ಮಾಡಿ ಕೇಳಿದರೆ, "ತೊಂದರೆ ಏನಿಲ್ಲಪ್ಪ, ಚೆನ್ನಾಗಿದೆ ಅಂತಲೇ ಕೊಟ್ಟಿದ್ದು" ಅಂದರು. ನಮ್ಮ ಪಟ್ಟಿಯಲ್ಲಿ ಅವರು ಅತೃಪ್ತರು! ಅಂಕ ಕೇಳಬೇಡಿ ಅಂತಲ್ಲ. ಕಳೆದ ತಿಂಗಳಿಗೂ ಈ ತಿಂಗಳಿಗೂ ಹೋಲಿಸಿ ನೋಡಲು ಅದು ಸಾಕು. ಕೆಳಗೆ ‘ಯಾಕೆ?’ ಅಂತ ಒಂದು ಖಾಲಿ ಜಾಗ ಇಡಿ, ಮಾತಾಡಿ ಹೇಳಲು ಮೈಕ್ ಗುರುತನ್ನೂ ಇಡಿ. ಬೆಲೆ ಇರುವುದು ಅಲ್ಲಿ ಬಂದ ಮಾತಿಗೆ.

ಸ್ಟಾರ್ ಕಥೆ ಇನ್ನೂ ಕಷ್ಟದ್ದು. ಪಾರ್ಸೆಲ್ ಹಿಡಿದು ಮನೆ ಬಾಗಿಲಿಗೆ ಬಂದ ಹುಡುಗ "ಐದು ಸ್ಟಾರ್ ಕೊಡಿ ಸಾರ್" ಅಂತಾನೆ. ಅವನ ದುಡಿಮೆ ಅದಕ್ಕೆ ಕಟ್ಟಿಬಿದ್ದಿದೆ ಅಂತ ನಮಗೆ ಗೊತ್ತು, ಕೊಟ್ಟುಬಿಡುತ್ತೇವೆ. ಪೊಟ್ಟಣ ಒಡೆದಿದ್ದರೂ ಕೊಡುತ್ತೇವೆ, ಯಾಕೆಂದರೆ ತಪ್ಪು ಅವನದ್ದಲ್ಲ. ಆ ಐದರಲ್ಲಿ ಇರುವುದು ಗ್ರಾಹಕರ ಒಳ್ಳೇತನ. ಆ್ಯಪ್ ಹೇಗಿದೆ, ಪ್ಯಾಕಿಂಗ್ ಹೇಗಿದೆ ಅನ್ನುವುದು ಅದರಿಂದ ತಿಳಿಯುವುದಿಲ್ಲ. ಒಬ್ಬ ದುಡಿಯುವವನ ಸಂಬಳವನ್ನೂ ಆ್ಯಪ್‌ನ ಗುಣವನ್ನೂ ಒಂದೇ ಪ್ರಶ್ನೆಯಲ್ಲಿ ಅಳೆಯುವುದನ್ನು ಕಂಪನಿಗಳು ಬಿಡಬೇಕು.

ಮಾತೇ ಆಡದವರ ವಿಷಯ ಬೇರೆಯೇ ಇದೆ. ನಮ್ಮ ಆ್ಯಪ್‌ನಲ್ಲಿ ‘ಅಭಿಪ್ರಾಯ ತಿಳಿಸಿ’ ಬಟನ್ ಇದ್ದಿದ್ದು ಲಾಗಿನ್ ಆದ ಮೇಲೆ. ಲಾಗಿನ್ನೇ ಆಗದವರು ಎಲ್ಲಿ ಹೇಳಬೇಕು? ಮಲೆನಾಡಿನ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ಒಂದು ತಿರುವಿನಲ್ಲಿ ಮಾತ್ರ. ಒಟಿಪಿ ಬರಲಿ ಅಂತ ಅಲ್ಲಿಗೆ ಹೋಗಿ ನಿಲ್ಲಬೇಕು. ಮೆಸೇಜ್ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಅವರು ಯಾವ ಸ್ಟಾರೂ ಕೊಡುವುದಿಲ್ಲ. ಸುಮ್ನೆ ಫೋನು ಜೇಬಿಗೆ ಹಾಕಿಕೊಂಡು ಪೇಟೆಗೆ ಹೋಗಿ ಬಿಲ್ ಕಟ್ಟಿ ಬರುತ್ತಾರೆ. ನಾವು ಆ ಬಟನ್ನನ್ನು ಲಾಗಿನ್ ಪುಟಕ್ಕೇ ತಂದೆವು. ಒಟಿಪಿ ಅವಧಿ ಹೆಚ್ಚಿಸಿದೆವು. ಆಮೇಲೆ ನಾನು ಸೈಬರ್ ಸೆಂಟರುಗಳಿಗೆ, ಗ್ರಾಮ ಒನ್ ಕೇಂದ್ರಗಳಿಗೆ ಹೋಗಿ ಕೂರಲು ಶುರುಮಾಡಿದೆ. ಜನ ಯಾವ ಪುಟದಲ್ಲಿ ನಿಂತುಬಿಡ್ತಾರೆ, ಯಾವ ಪದ ನೋಡಿ ಹೆದರ್ತಾರೆ ಅನ್ನುವುದು ಅಲ್ಲಿ ಕಂಪ್ಯೂಟರ್ ಮುಂದೆ ಕೂತವರಿಗೆ ಬಾಯಿಪಾಠ. ದುಡ್ಡು ಕೊಟ್ಟು ಮಾಡಿಸಿದ ಯಾವ ಸಮೀಕ್ಷೆಯಿಂದಲೂ ನನಗೆ ಅಷ್ಟು ತಿಳಿದಿರಲಿಲ್ಲ.

ಕೊನೆಯ ಕೆಲಸವನ್ನು ತುಂಬಾ ಕಂಪನಿಗಳು ಬಿಟ್ಟೇಬಿಡುತ್ತವೆ. ದೂರು ಕೊಟ್ಟವರಿಗೆ ಸರಿಯಾಯಿತು ಅಂತ ತಿರುಗಿ ಹೇಳುವುದು. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಅನ್ನುವ ರೆಡಿಮೇಡ್ ಮೆಸೇಜ್ ಅದಲ್ಲ. ಹುಬ್ಬಳ್ಳಿಯ ಆ ಹೆಣ್ಣುಮಗಳಿಗೆ ನಮ್ಮ ತಂಡದ ವಿಜಯಪುರದ ಹುಡುಗಿಯಿಂದಲೇ ಫೋನ್ ಮಾಡಿಸಿದೆ. "ಅಕ್ಕಾರ, ನೀವು ಹೇಳಿದ್ದು ಸರಿ ಮಾಡೇವ್ರಿ. ಎರಡನೇ ಸಲ ಕಟ್ಟಿದ ರೊಕ್ಕ ವಾಪಸ್ ಬಂತೇನ್ರಿ?" ಬಂದಿತ್ತು. ಅವರಿಗೆ ಖುಷಿಯಾಗಿತ್ತು. ಈಗ ಓಣಿಯ ನಾಲ್ಕು ಮನೆಯ ಬಿಲ್ಲನ್ನು ತಾವೇ ಕಟ್ಟಿಕೊಡುವುದಾಗಿ ಹೇಳಿದರು. ಫೋನ್ ಇಡುವ ಮೊದಲು ಇನ್ನೊಂದು ಮಾತು ಸೇರಿಸಿದರು.

"ಅಕ್ಷರ ಭಾಳ ಸಣ್ಣು ಅದಾವ್ರಿ. ನಮ್ಮ ಅತ್ತಿಯವ್ರಿಗೆ ಕಾಣಸೂದಿಲ್ರಿ."

ಮರುದಿನದ ಕೆಲಸದ ಪಟ್ಟಿಯಲ್ಲಿ ಅದನ್ನೇ ಮೊದಲ ಸಾಲಿನಲ್ಲಿ ಬರೆದುಕೊಂಡೆವು, ಅವರ ಮಾತಲ್ಲೇ.