ಜಿಂಕೆ ಮಾಂಸಕ್ಕೆ ಕುದಿನೀರು ಸಾಲದು

ಅಮೆರಿಕದ ಉತ್ತರದ ರಾಜ್ಯಗಳಲ್ಲಿ ನವೆಂಬರ್ ಬಂತೆಂದರೆ ಪರವಾನಗಿ ಪಡೆದ ಬೇಟೆಗಾರರ ಮನೆಗಳಿಗೆ ಜಿಂಕೆ ಮಾಂಸ ಬರತೊಡಗುತ್ತದೆ. ಮೂಳೆ ತೆಗೆದ ಮೇಲೂ ಒಂದು ಪ್ರಾಣಿಯಿಂದ 20 ಕಿಲೋದ ಆಸುಪಾಸು ಮಾಂಸ ಸಿಗುವುದುಂಟು. ಬೆನ್ನಿನ ಮೆತ್ತನೆಯ ತುಂಡುಗಳು ಫ್ರೀಜರಿಗೆ ಹೋಗುತ್ತವೆ. ಕುತ್ತಿಗೆ, ಭುಜ, ಕಾಲಿನ ಗಟ್ಟಿ ಮಾಂಸವನ್ನು ಗಾಜಿನ ಜಾಡಿಗೆ ತುಂಬಿ, ಪ್ರೆಷರ್ ಕ್ಯಾನರ್‌ ಎಂಬ ದೊಡ್ಡ ಪಾತ್ರೆಯಲ್ಲಿ ಒತ್ತಡದ ಹಬೆಗೆ ಒಡ್ಡಿ ಇಡುತ್ತಾರೆ. ನನ್ನ ಮಟ್ಟಿಗೆ ಗಟ್ಟಿ ಮಾಂಸಕ್ಕೆ ಇದಕ್ಕಿಂತ ಒಳ್ಳೆಯ ಗತಿ ಇಲ್ಲ. ಅದನ್ನು ಬಿಗಿಯಾಗಿಸಿದ ಕೊಲಾಜನ್ ಎಂಬ ಪ್ರೋಟೀನು ದೀರ್ಘ ಶಾಖಕ್ಕೆ ಕರಗಿ ಜೆಲಟಿನ್ ಆಗುತ್ತದೆ. ಹಲ್ಲಿಗೆ ಜಗ್ಗದಿದ್ದ ಮಾಂಸ ಚಮಚ ತಾಗಿಸಿದರೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಕಪಾಟಿನಲ್ಲಿಟ್ಟರೆ ಸಾಕು, ವಿದ್ಯುತ್ತಿನ ಹಂಗೂ ಇಲ್ಲ.

ಆದರೆ ಈ ಕೆಲಸದಲ್ಲಿ ಉಷ್ಣತೆಯ ಲೆಕ್ಕ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು, ಅಂದರೆ ಗಟ್ಟಿ ಕವಚದೊಳಗೆ ನಿದ್ರಿಸುವ ಅದರ ರೂಪಗಳು, ಮಣ್ಣಿನಲ್ಲಿ ಎಲ್ಲೆಡೆ ಇವೆ. ಕಾಡಿನ ನೆಲದ ಮೇಲೆಯೇ ಚರ್ಮ ಸುಲಿದ ಪ್ರಾಣಿಯ ಮಾಂಸಕ್ಕೆ ಅವು ಅಂಟುವುದು ಸಹಜ. ಗಾಳಿ ಆಡುವ ಕಡೆ ಅವು ಸುಮ್ಮನೆ ಬಿದ್ದಿರುತ್ತವೆ. ಆಮ್ಲಜನಕವಿಲ್ಲದ, ಪಿಎಚ್ 4.6ಕ್ಕಿಂತ ಹೆಚ್ಚಿರುವ (ಅಂದರೆ ಹುಳಿ ಕಡಿಮೆಯಿರುವ), ತೇವ ತುಂಬಿದ ಜಾಗ ಸಿಕ್ಕರೆ ಮಾತ್ರ ಮೊಳೆತು ವಿಷ ತಯಾರಿಸುತ್ತವೆ. ಬಿಗಿಯಾಗಿ ಮುಚ್ಚಿದ ಮಾಂಸದ ಜಾಡಿ ಈ ಮೂರನ್ನೂ ಒದಗಿಸುತ್ತದೆ. ಆ ವಿಷ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನೇ ತಡೆಯುತ್ತದೆ. ರೆಪ್ಪೆ ಜೋತುಬಿದ್ದು ಶುರುವಾದದ್ದು ಉಸಿರು ನಿಲ್ಲುವವರೆಗೆ ಹೋಗಬಹುದು. 1895ರಲ್ಲಿ ಬೆಲ್ಜಿಯಂನ ಹಳ್ಳಿಯೊಂದರಲ್ಲಿ ಶವಸಂಸ್ಕಾರಕ್ಕೆ ಬಂದಿದ್ದ ವಾದ್ಯಗಾರರು ಉಪ್ಪಿನಲ್ಲಿಟ್ಟ ಹಂದಿ ಮಾಂಸ ತಿಂದು ಕಾಯಿಲೆ ಬಿದ್ದರು, ಮೂವರು ಸತ್ತರು. ಆ ಮಾಂಸವನ್ನು ಪರೀಕ್ಷಿಸಿದ ಬ್ಯಾಕ್ಟೀರಿಯಾ ತಜ್ಞ ಎಮಿಲ್ ವಾನ್ ಎರ್ಮೆಂಗೆಮ್ ಈ ಬ್ಯಾಕ್ಟೀರಿಯಾವನ್ನು ಮೊದಲ ಬಾರಿಗೆ ಗುರುತಿಸಿದರು.

ಬೀಜಾಣುಗಳು ಶಾಖಕ್ಕೆ ಮಣಿಯುವುದರಲ್ಲಿ ಒಂದು ಕ್ರಮವಿದೆ. ಉಷ್ಣತೆ 10 ಡಿಗ್ರಿ ಏರಿದರೆ ಅವು ಸಾಯುವ ವೇಗ ಸುಮಾರು ಹತ್ತು ಪಟ್ಟಾಗುತ್ತದೆ. 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ನಿಮಿಷ ಇಟ್ಟರೆ ಸುರಕ್ಷಿತ ಎನ್ನುವುದು ಆಹಾರ ವಿಜ್ಞಾನದ ಒಪ್ಪಿತ ಅಳತೆ. ಅದೇ ಲೆಕ್ಕ ಹಿಡಿದು ಇಳಿಯುತ್ತಾ ಬಂದರೆ 115 ಡಿಗ್ರಿಯಲ್ಲಿ 10 ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು. 100 ಡಿಗ್ರಿಯಲ್ಲಿ ಆರು ಗಂಟೆ ಮೀರುತ್ತದೆ. ತೆರೆದ ಪಾತ್ರೆಯಲ್ಲಿ ನೀರು ಎಷ್ಟೇ ಕೊತಕೊತ ಕುದಿದರೂ 100 ಡಿಗ್ರಿ ದಾಟದು. ಆದ್ದರಿಂದ ಜಾಡಿಗಳನ್ನು ಮೂರು ಗಂಟೆ ಕುದಿಸಿದರೆ ಸಾಕೆಂಬ ಹಳೆಯ ಮನೆವಾರ್ತೆಯ ನಂಬಿಕೆಯನ್ನು ನಾನು ಒಪ್ಪಲಾರೆ. ಹಾಗೆ ಮಾಡಿ ಉಳಿದುಕೊಂಡವರು ಅದೃಷ್ಟವಂತರು, ಅಷ್ಟೇ. ಅಮೆರಿಕದ ಕೃಷಿ ಇಲಾಖೆ 1917ರಷ್ಟು ಹಿಂದೆಯೇ ಹುಳಿಯಿಲ್ಲದ ಆಹಾರಗಳಿಗೆ ಒತ್ತಡದ ವಿಧಾನವನ್ನೇ ಹೇಳಿತ್ತು.

115 ಡಿಗ್ರಿಯಲ್ಲಿ ಸುಮಾರು ಹನ್ನೆರಡು ನಿಮಿಷ ಸಾಕಾಗುವಲ್ಲಿ ಇಲಾಖೆಯ ಕೋಷ್ಟಕ ಜಿಂಕೆ ಮಾಂಸದ ಅರ್ಧ ಲೀಟರಿಗೆ ಸಮೀಪದ ಪಿಂಟ್ ಜಾಡಿಗೆ 75 ನಿಮಿಷ, ಒಂದು ಲೀಟರಿಗೆ ಹತ್ತಿರದ ಕ್ವಾರ್ಟ್ ಜಾಡಿಗೆ 90 ನಿಮಿಷ ಹೇಳುವುದೇಕೆ? ಲೆಕ್ಕಕ್ಕೆ ಬರುವುದು ಪಾತ್ರೆಯೊಳಗಿನ ಹಬೆಯ ಬಿಸಿಯಲ್ಲ, ಜಾಡಿಯ ನಡುವಿನ ತುಂಡಿನ ಬಿಸಿ. ಒತ್ತೊತ್ತಾಗಿ ಕೂತ ಮಾಂಸದಲ್ಲಿ ಶಾಖ ಬಹಳ ನಿಧಾನವಾಗಿ ಒಳಗೆ ಇಳಿಯುತ್ತದೆ. ಸಾರು ಗಟ್ಟಿಯಾಗಲೆಂದು ಮೊದಲೇ ಹಿಟ್ಟು ಬೆರೆಸಬಾರದು ಎನ್ನುವುದೂ ಇದಕ್ಕಾಗಿಯೇ. ಒಲೆ ಆರಿಸಿದ ಮೇಲೆ ತಣ್ಣೀರು ಸುರಿದು ಬೇಗ ಒತ್ತಡ ಇಳಿಸುವುದೂ ತಪ್ಪು. ತಣಿಯುವ ಹೊತ್ತಿನಲ್ಲೂ ಬೀಜಾಣುಗಳು ಸಾಯುತ್ತಿರುತ್ತವೆ, ಕೋಷ್ಟಕದ ಅವಧಿಯಲ್ಲಿ ಆ ಪಾಲನ್ನೂ ಎಣಿಸಲಾಗಿದೆ. ಬೇಗ ಬಿಸಿಯಾಗಿ ಬೇಗ ತಣಿಯುವ ಸಣ್ಣ ಅಡುಗೆ ಕುಕ್ಕರನ್ನು ಇದಕ್ಕೆ ಬಳಸಬಾರದೆಂಬುದರ ಹಿಂದಿನ ಕಾರಣವೂ ಅದೇ.

ಅನೇಕರು ಹಗುರವಾಗಿ ತೆಗೆದುಕೊಳ್ಳುವ ಇನ್ನೊಂದು ಹಂತವಿದೆ. ಜಾಡಿಗಳನ್ನಿಟ್ಟು ಮುಚ್ಚಳ ಬಿಗಿದ ಮೇಲೆ, ತೂಕವನ್ನು ಕೂರಿಸುವ ಮುನ್ನ, ರಂಧ್ರದಿಂದ ಹಬೆ ಭರಭರನೆ 10 ನಿಮಿಷ ಹೊರಡಲು ಬಿಡಬೇಕು. ಒಳಗಿದ್ದ ಗಾಳಿಯನ್ನು ಹೊರಗಟ್ಟುವುದು ಇದರ ಉದ್ದೇಶ. ಒತ್ತಡದ ಮಾಪಕಕ್ಕೆ ಗಾಳಿಗೂ ಹಬೆಗೂ ವ್ಯತ್ಯಾಸ ತಿಳಿಯದು. ಬರೀ ಹಬೆಯಿದ್ದು ಮಾಪಕ ಚದರ ಅಂಗುಲಕ್ಕೆ 10 ಪೌಂಡ್ ತೋರಿಸಿದರೆ ಒಳಗೆ ಸುಮಾರು 115 ಡಿಗ್ರಿ ಇರುತ್ತದೆ. ಐದರಲ್ಲೊಂದು ಪಾಲು ಗಾಳಿ ಉಳಿದಿದ್ದರೆ ಅದೇ 10 ಪೌಂಡಿಗೆ ಉಷ್ಣತೆ 108ರ ಸುತ್ತ ನಿಲ್ಲುತ್ತದೆ. ಏಳು ಡಿಗ್ರಿ ತಾನೇ ಎನ್ನಬೇಡಿ: ಹತ್ತು ಡಿಗ್ರಿಗೆ ಹತ್ತು ಪಟ್ಟು ಎಂಬ ಆ ಕ್ರಮದಂತೆ ಬೀಜಾಣು ಸಾಯುವ ವೇಗ ಐದನೇ ಒಂದಕ್ಕೆ ಕುಸಿದಿರುತ್ತದೆ. ಮುಳ್ಳು ಸರಿಯಾದ ಜಾಗದಲ್ಲೇ ಇರುತ್ತದೆ, ಜಾಡಿಯೂ ಚೆನ್ನಾಗಿಯೇ ಮುಚ್ಚಿಕೊಂಡಿರುತ್ತದೆ. ಒಳಗಿನ ಅಪಾಯ ಕಣ್ಣಿಗೆ ಕಾಣಿಸದು.

ಎತ್ತರದ ಊರುಗಳಲ್ಲಿ ಹೊರಗಿನ ವಾಯುಭಾರವೇ ಕಡಿಮೆ. ಸುಮಾರು 1,600 ಮೀಟರ್ ಎತ್ತರದ ಡೆನ್ವರ್‌ನಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ 1,000 ಅಡಿ ದಾಟಿದ ಕಡೆ ತೂಕದ ಮಾಪಕವಿರುವ ಕ್ಯಾನರಿಗೆ 10ರ ಬದಲು 15 ಪೌಂಡ್ ಬೇಕು.

ಬೇಟೆ ಮಾಂಸಕ್ಕೆಂದೇ ಕೆಲವು ಮಾತುಗಳಿವೆ. ಕಟು ವಾಸನೆ ಇದ್ದರೆ ಉಪ್ಪುನೀರಿನಲ್ಲಿ ಒಂದು ಗಂಟೆ ನೆನೆಸಿ ತೊಳೆಯುತ್ತಾರೆ. ಕೊಬ್ಬನ್ನು ಆದಷ್ಟೂ ತೆಗೆಯುತ್ತಾರೆ. ಅದು ಕುದಿಯುವಾಗ ಜಾಡಿಯ ಅಂಚಿಗೆ ಏರಿದರೆ ಮುಚ್ಚಳ ಹಿಡಿಯುವುದಿಲ್ಲ. ಸೀಸದ ಗುಂಡು ತಾಗಿದ ಜಾಗದ ಸುತ್ತ ಧಾರಾಳವಾಗಿ ಕತ್ತರಿಸಿ ಎಸೆಯಬೇಕು, ಸೀಸದ ಚೂರುಗಳು ಗಾಯದಿಂದ ದೂರಕ್ಕೂ ಚದುರಿರುತ್ತವೆ. ಕರಡಿ ಮತ್ತು ಕಾಡುಹಂದಿಯ ಮಾಂಸದಲ್ಲಿರಬಹುದಾದ ಟ್ರಿಕಿನೆಲ್ಲಾ ಹುಳು ಈ ಶಾಖಕ್ಕೆ ಖಂಡಿತ ಸಾಯುತ್ತದೆ. ಆದರೆ ಉತ್ತರ ಅಮೆರಿಕದ ಜಿಂಕೆ, ಎಲ್ಕ್‌ಗಳಲ್ಲಿ ಹರಡುತ್ತಿರುವ ಕ್ರಾನಿಕ್ ವೇಸ್ಟಿಂಗ್ ಎಂಬ ಮಿದುಳಿನ ರೋಗಕ್ಕೆ ಕಾರಣವಾದ ಪ್ರಯಾನ್, ತಪ್ಪಾಗಿ ಮಡಿಚಿಕೊಂಡ ಒಂದು ಪ್ರೋಟೀನು; ಕ್ಯಾನರಿನ ಶಾಖ ಅದನ್ನು ಅಳಿಸಲಾರದು. ರೋಗ ಕಂಡ ಪ್ರದೇಶದ ಪ್ರಾಣಿಯಾದರೆ ಪ್ರಯೋಗಾಲಯದ ಫಲಿತಾಂಶ ಬರುವವರೆಗೆ ಮಾಂಸವನ್ನು ಫ್ರೀಜರಿನಲ್ಲಿಟ್ಟು, ಸೋಂಕಿಲ್ಲವೆಂದು ತಿಳಿದ ಮೇಲೆಯೇ ಜಾಡಿಗೆ ತುಂಬಬೇಕು.