‘ಅಭ್ಯಾಸ’ ಎಂಬ ಒಂದು ಪದ, ಮಿದುಳಿನಲ್ಲಿ ಎರಡು ಕೆಲಸ

ಕನ್ನಡದಲ್ಲಿ ‘ಅಭ್ಯಾಸ’ ಎಂಬ ಪದ ಎರಡು ಬೇರೆ ಬೇರೆ ಸಂಗತಿಗಳನ್ನು ಹೊತ್ತುಕೊಂಡಿದೆ. ‘ಐದು ಗಂಟೆಗೆ ಏಳುವುದು ಅವರಿಗೆ ಅಭ್ಯಾಸವಾಗಿಬಿಟ್ಟಿದೆ’ ಎಂದಾಗ ಅದು ಯೋಚನೆಯ ಹಂಗಿಲ್ಲದೆ ನಡೆದುಹೋಗುವ ರೂಢಿ. ‘ದಿನವೂ ಎರಡು ಗಂಟೆ ಅಭ್ಯಾಸ ಮಾಡುತ್ತಾರೆ’ ಎಂದಾಗ ಅದು ಮನಸ್ಸಿಟ್ಟು ಮಾಡುವ ಸಾಧನೆ. ಕ್ರೀಡಾಪಟುವಿಗೆ ಎರಡೂ ಬೇಕು, ತಂಡವನ್ನು ಮುನ್ನಡೆಸುವವರಿಗೂ ಬೇಕು. ಆದರೆ ಮಿದುಳಿನ ಮಟ್ಟಿಗೆ ಇವು ಒಂದೇ ಅಲ್ಲ. ಒಂದು ಇರಬೇಕಾದ ಜಾಗದಲ್ಲಿ ಇನ್ನೊಂದು ಬಂದು ಕುಳಿತರೆ, ಎಷ್ಟು ಬೆವರು ಹರಿಸಿದರೂ ಆಟ ಬೆಳೆಯದೆ ನಿಂತುಬಿಡುತ್ತದೆ.

ರೂಢಿ ಹುಟ್ಟುವ ಬಗೆಯನ್ನು ತೋರಿಸಿದ ಪ್ರಯೋಗವೊಂದು 1999ರಲ್ಲಿ ಪ್ರಕಟವಾಯಿತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಆ್ಯನ್ ಗ್ರೇಬಿಯಲ್ ಮತ್ತು ಅವರ ಸಂಗಡಿಗರು ‘ಟಿ’ ಅಕ್ಷರದ ಆಕಾರದ ಓಣಿಯಲ್ಲಿ ಇಲಿಗಳನ್ನು ಓಡಿಸಿದರು. ಕೇಳಿಸಿದ ಧ್ವನಿಗೆ ತಕ್ಕಂತೆ ಎಡಕ್ಕೋ ಬಲಕ್ಕೋ ತಿರುಗಿದರೆ ಇಲಿಗೆ ತಿನಿಸು ಸಿಗುತ್ತಿತ್ತು. ಮಿದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗದ ನರಕೋಶಗಳು ಮೊದಮೊದಲು ಓಟದ ಉದ್ದಕ್ಕೂ ಚುರುಕಾಗಿದ್ದವು. ದಾರಿ ರೂಢಿಯಾಗುತ್ತ ಹೋದಂತೆ ಅವುಗಳ ಚಟುವಟಿಕೆ ಓಟ ಶುರುವಾಗುವಾಗ ಮತ್ತು ಮುಗಿಯುವಾಗ ಮಾತ್ರ ಎದ್ದು ಕಾಣುವಂತಾಗಿ, ನಡುವೆ ತಣ್ಣಗಾಯಿತು. ಬಿಡಿ ಹೆಜ್ಜೆಗಳೆಲ್ಲ ಒಂದು ಕಂತೆಯಾಗಿ ಕಟ್ಟಿಕೊಂಡಿದ್ದವು. ಕಂತೆಯ ತುದಿಯನ್ನು ಎಳೆದರೆ ಸಾಕು, ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮನುಷ್ಯರಲ್ಲೂ ಈ ವ್ಯವಸ್ಥೆ ನೆನಪಿನಿಂದ ಬೇರೆಯಾಗಿದೆ ಎಂಬುದಕ್ಕೆ ಅದಕ್ಕೂ ಮೂರು ವರ್ಷ ಮೊದಲೇ ಪುರಾವೆ ಸಿಕ್ಕಿತ್ತು. ಕೆಲವು ಚೀಟಿಗಳನ್ನು ನೋಡಿ ‘ಮಳೆಯೋ ಬಿಸಿಲೋ’ ಎಂದು ಊಹಿಸುವ ಆಟವನ್ನು ಬಾರ್ಬರಾ ನೋಲ್ಟನ್ ಮತ್ತು ಸಂಗಡಿಗರು ಎರಡು ಬಗೆಯ ರೋಗಿಗಳಿಂದ ಆಡಿಸಿದರು. ತೀವ್ರ ಮರೆವಿನ ತೊಂದರೆಯಿದ್ದವರು ಆಟವನ್ನು ಕಲಿತರು, ಕಲಿತ ಸಂದರ್ಭವೇ ಅವರಿಗೆ ನೆನಪಿರಲಿಲ್ಲ. ಸ್ಟ್ರಯೇಟಮ್‌ಗೆ ಪೆಟ್ಟು ಕೊಡುವ ಪಾರ್ಕಿನ್ಸನ್ ಕಾಯಿಲೆಯವರಿಗೆ ನಡೆದದ್ದೆಲ್ಲ ನೆನಪಿತ್ತು, ಆಟ ಮಾತ್ರ ಕೈಗೆ ಹತ್ತಲಿಲ್ಲ. ‘ನಾಳೆಯಿಂದ ಓಡಲು ಹೋಗಬೇಕು’ ಎಂಬ ಸಂಕಲ್ಪ ಎಷ್ಟೇ ಸ್ಪಷ್ಟವಾಗಿ ನೆನಪಿದ್ದರೂ ಕಾಲು ಏಳದಿರುವುದೇಕೆ ಎಂಬ ಪ್ರಶ್ನೆಗೆ ಇಲ್ಲಿ ಒಂದು ಸುಳಿವಿದೆ: ಸಂಕಲ್ಪವನ್ನು ನೆನಪಿಟ್ಟುಕೊಳ್ಳುವ ವ್ಯವಸ್ಥೆ ಒಂದು, ಕಾಲನ್ನು ಎಬ್ಬಿಸುವ ರೂಢಿಯದು ಇನ್ನೊಂದು.

ಈ ಎರಡನೆಯದನ್ನು ಕಟ್ಟಲು ಎಷ್ಟು ದಿನ ಬೇಕು? ಇಪ್ಪತ್ತೊಂದು ದಿನ ಸಾಕು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದು ನಿಜವಲ್ಲ, ಮತ್ತು ಅದನ್ನು ನಂಬಿದವರು ಇಪ್ಪತ್ತೆರಡನೆಯ ದಿನ ತಮ್ಮನ್ನೇ ಹಳಿದುಕೊಳ್ಳುತ್ತಾರೆ ಎಂಬುದು ನನಗೆ ನೋವಿನ ಸಂಗತಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನದಲ್ಲಿ 96 ಮಂದಿ ತಲಾ ಒಂದು ಹೊಸ ರೂಢಿಯನ್ನು ಆರಿಸಿಕೊಂಡು ಹನ್ನೆರಡು ವಾರ ಪಾಲಿಸಿದರು. ಅದು ತಾನಾಗಿ ನಡೆಯುವ ಹಂತಕ್ಕೆ ಬರಲು ಬೇಕಾದ ಕಾಲದ ಮಧ್ಯಬಿಂದು 66 ದಿನ; ಆದರೆ ಕೆಲವರಿಗೆ 18 ದಿನ ಸಾಕಾದರೆ, ಇನ್ನು ಕೆಲವರಿಗೆ ಗಣಿತದ ಅಂದಾಜಿನಂತೆ 254 ದಿನ ಹಿಡಿಯುತ್ತಿತ್ತು. ಒಂದು ಲೋಟ ನೀರು ಕುಡಿಯುವಂಥ ಸರಳ ಕೆಲಸಕ್ಕಿಂತ ವ್ಯಾಯಾಮ ರೂಢಿಯಾಗಲು ಹೆಚ್ಚು ಸಮಯ ಬೇಕಾಯಿತು. ಇನ್ನೊಂದು ಸಮಾಧಾನದ ಅಂಶವೆಂದರೆ, ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿಯ ಬೆಳವಣಿಗೆಗೆ ಹೇಳಿಕೊಳ್ಳುವಂಥ ಧಕ್ಕೆ ಆಗಲಿಲ್ಲ.

ಪ್ರಕಾಶ್ ಪಡುಕೋಣೆ ಅವರ ಬಾಲ್ಯ ಇಲ್ಲಿ ನೆನಪಾಗುತ್ತದೆ. ಬೆಂಗಳೂರಿನಲ್ಲಿ ಅವರು ಬ್ಯಾಡ್ಮಿಂಟನ್ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಸಭಾಂಗಣದಲ್ಲಿ. ಮದುವೆಯಿದ್ದ ದಿನ ಕೋರ್ಟ್ ಇಲ್ಲ. ಇಲ್ಲದ ದಿನ ಮನಸಾರೆ ಆಟ. ಎಷ್ಟು ಮುಹೂರ್ತಗಳು ಅವರ ಆಟಕ್ಕೆ ಅಡ್ಡ ಬಂದಿರಬಹುದು! ಆದರೂ 1971ರಿಂದ ಸತತ ಒಂಬತ್ತು ವರ್ಷ ರಾಷ್ಟ್ರೀಯ ಪ್ರಶಸ್ತಿ, 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಅವರಿಗೆ ದಕ್ಕಿದವು. ತಪ್ಪಿದ ದಿನದ ಮರುದಿನ ಅದೇ ಜಾಗಕ್ಕೆ, ಅದೇ ಕೆಲಸಕ್ಕೆ ಮರಳುವುದರಲ್ಲಿ ರೂಢಿಯ ಜೀವವಿದೆ.

ಜಾಗಕ್ಕೆ ಒತ್ತು ಕೊಡುವುದಕ್ಕೆ ಕಾರಣವಿದೆ. ವೆಂಡಿ ವುಡ್ ಅವರ ತಂಡ ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ವರ್ಗವಾದ ವಿದ್ಯಾರ್ಥಿಗಳನ್ನು ಗಮನಿಸಿದಾಗ, ಸುತ್ತಲಿನ ಸನ್ನಿವೇಶ ಹಳೆಯದರಂತೆಯೇ ಇದ್ದಲ್ಲಿ ವ್ಯಾಯಾಮದ ರೂಢಿ ಉಳಿಯಿತು, ಬದಲಾದಲ್ಲಿ ಅದರ ಹಿಡಿತ ಸಡಿಲವಾಯಿತು. ಊರೂರು ಸುತ್ತುವ ಆಟಗಾರರು ಈ ಕಾರಣಕ್ಕೇ ರೂಢಿಯನ್ನು ಎಬ್ಬಿಸುವ ಸೂಚನೆಗಳನ್ನು ಜೊತೆಗೆ ಒಯ್ಯಬೇಕಾಗುತ್ತದೆ: ಬೂಟಿನ ಲೇಸು ಕಟ್ಟಿದ ಕೂಡಲೇ ಇಂಥದೇ ಕ್ರಮದಲ್ಲಿ ಮೈ ಸಡಿಲಿಸುವುದು, ಎಲ್ಲೇ ತಂಗಿದ್ದರೂ ಒಂದೇ ಹೊತ್ತಿಗೆ ದೀಪ ಆರಿಸುವುದು. ನಿದ್ರೆಯನ್ನು ಈ ಪಟ್ಟಿಯಿಂದ ಬಿಡುವಂತಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹನ್ನೊಂದು ಬಾಸ್ಕೆಟ್‌ಬಾಲ್ ಆಟಗಾರರು ಕೆಲವು ವಾರ ರಾತ್ರಿ ಹತ್ತು ಗಂಟೆ ಹಾಸಿಗೆಯಲ್ಲಿರಲು ಯತ್ನಿಸಿದಾಗ ಅವರ ಫ್ರೀ ಥ್ರೋ ನಿಖರತೆ ಶೇಕಡಾ 9ರಷ್ಟು ಹೆಚ್ಚಿತ್ತು. ಇದು ಹೋಲಿಕೆಯ ತಂಡವಿಲ್ಲದ ಸಣ್ಣ ಅಧ್ಯಯನ ಎಂಬ ಎಚ್ಚರ ಇರಲಿ.

ಇಷ್ಟಾಗಿಯೂ ರೂಢಿ ನಮ್ಮನ್ನು ಅಂಗಳದ ತನಕ ಮಾತ್ರ ತಲುಪಿಸುತ್ತದೆ. ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಕುರಿತು 1993ರಲ್ಲಿ ಪ್ರಕಟವಾದ ಅಧ್ಯಯನದಿಂದ ಹೆಸರಾದ ಮನೋವಿಜ್ಞಾನಿ ಆ್ಯಂಡರ್ಸ್ ಎರಿಕ್ಸನ್ ಒತ್ತಿ ಹೇಳಿದ್ದು ಇದನ್ನೇ: ಕೌಶಲವೊಂದು ತಾನಾಗಿ ನಡೆಯತೊಡಗಿದ ಕ್ಷಣದಿಂದ ಬೆಳವಣಿಗೆ ನಿಲ್ಲುವ ಅಪಾಯವಿದೆ, ಪರಿಣತರು ತಮಗಿನ್ನೂ ಕೈಗೂಡದ ಅಂಶವನ್ನು ಹುಡುಕಿ ಹುಡುಕಿ ತಿದ್ದಿಕೊಳ್ಳುತ್ತಾರೆ. ‘ಹಾಡ್ತಾ ಹಾಡ್ತಾ ರಾಗ’ ಎಂಬ ಗಾದೆ ನಿಜವಾಗುವುದು ತನ್ನ ಅಪಸ್ವರವನ್ನು ತಾನೇ ಕೇಳಿಸಿಕೊಳ್ಳುವವರಿಗೆ. ಇಂಥ ಗಮನವನ್ನು ಇಡೀ ದಿನ ಹಿಡಿದಿಡಲಾಗದು; ಆ ಪಿಟೀಲುವಾದಕರಲ್ಲಿ ಉತ್ತಮರಾದವರೂ ಏಕಾಂತದ ಸಾಧನೆಗೆ ದಿನಕ್ಕೆ ಸರಾಸರಿ ಮೂರೂವರೆ ಗಂಟೆಯ ಆಸುಪಾಸು ಕೊಡುತ್ತಿದ್ದರು. ಏಳುವ ಹೊತ್ತು, ಊಟ, ಮೈದಾನಕ್ಕೆ ಹೊರಡುವುದು ಇವೆಲ್ಲ ರೂಢಿಯ ಪಾಲಾದರೆ, ಉಳಿದ ಗಮನ ಈ ಕೆಲವು ಗಂಟೆಗಳಿಗೆ ಮೀಸಲಾಗುತ್ತದೆ.

ಮುಂದಾಳತ್ವದಲ್ಲಿಯೂ ಇದೇ ವಿಂಗಡಣೆ ಬೇಕು, ಆದರೆ ಅದನ್ನು ಮಾಡಿಕೊಳ್ಳುವವರು ಕಡಿಮೆ. ‘ಇಂಥದ್ದು ಎದುರಾದರೆ ಹೀಗೆ ಮಾಡುತ್ತೇನೆ’ ಎಂದು ಮೊದಲೇ ಗೊತ್ತುಮಾಡಿಕೊಂಡವರು ತಮ್ಮ ಉದ್ದೇಶವನ್ನು ಕಾರ್ಯಕ್ಕೆ ತರುವ ಸಾಧ್ಯತೆ ಹೆಚ್ಚು ಎಂಬುದನ್ನು ಪೀಟರ್ ಗೋಲ್‌ವಿಟ್ಸರ್ ಮತ್ತು ಪಾಸ್ಕಲ್ ಶೀರನ್ 2006ರಲ್ಲಿ 94 ಪ್ರಯೋಗಗಳನ್ನು ಒಟ್ಟುಗೂಡಿಸಿ ತೋರಿಸಿದರು. ಟೆಸ್ಟ್ ಕ್ರಿಕೆಟ್‌ನಲ್ಲಿ 31,258 ಎಸೆತಗಳನ್ನು ಎದುರಿಸಿದ ರಾಹುಲ್ ದ್ರಾವಿಡ್, ಮುಂದೆ ಭಾರತ ‘ಎ’ ತಂಡದ ಕೋಚ್ ಆದಾಗ ಅಂಥದೊಂದು ನಿಯಮವನ್ನು ಇಟ್ಟುಕೊಂಡಿದ್ದರು: ಪ್ರವಾಸಕ್ಕೆ ಬಂದ ಯಾವ ಹುಡುಗನೂ ಪಂದ್ಯವಾಡದೆ ಮನೆಗೆ ಮರಳಬಾರದು. ತಾವೇ ಚಿಕ್ಕವರಿದ್ದಾಗ ಪ್ರವಾಸಕ್ಕೆ ಹೋಗಿ ಅವಕಾಶ ಸಿಗದೆ ಬಂದಾಗಿನ ಸಂಕಟ ಅವರಿಗೆ ಗೊತ್ತಿತ್ತು. ಸೋಲಿನ ಭಯ ಕಾಡುವ ದಿನ ಹೊಸಬನನ್ನು ಹೊರಗಿಡುವ ಆಸೆ ಎಂಥ ಕೋಚ್‌ಗೂ ಹುಟ್ಟುತ್ತದೆ. ಆ ಆಸೆ ಹುಟ್ಟುವ ಮೊದಲೇ ನಿರ್ಧಾರ ಆಗಿಹೋಗಿರುತ್ತಿತ್ತು. ಯಾವ ಹುಡುಗನನ್ನು ಯಾವ ಪಂದ್ಯದಲ್ಲಿ, ಎಷ್ಟನೆಯ ಕ್ರಮಾಂಕದಲ್ಲಿ ಇಳಿಸಬೇಕು ಎಂಬುದನ್ನು ಮಾತ್ರ ಪಿಚ್ ನೋಡಿ, ಹುಡುಗನನ್ನು ನೋಡಿ, ಪ್ರತಿ ಸಲವೂ ಹೊಸದಾಗಿ ಯೋಚಿಸಬೇಕಿತ್ತು.