ಲೆಡ್ ಜೆಪ್ಲಿನ್ ಮತ್ತು ಪತ್ರಿಕೆಗಳ ಮುನಿಸು

ಪತ್ರಿಕೆಗಳು ಇಂಗ್ಲೆಂಡಿನ ರಾಕ್ ತಂಡ ಲೆಡ್ ಜೆಪ್ಲಿನ್ ಅನ್ನು ಮೊದಲಿನಿಂದಲೂ ಹಳಿದವು, ಆದರೂ ತಂಡ ಬೆಳೆಯಿತು ಎಂಬ ಕಥೆ ರಾಕ್ ಸಂಗೀತದ ಇತಿಹಾಸದಲ್ಲಿ ಬೇರೂರಿದೆ. ಅದರಲ್ಲಿ ನಿಜವಿರುವುದು ಅರ್ಧ ಮಾತ್ರ.

ತಾವಿದ್ದ ಯಾರ್ಡ್‌ಬರ್ಡ್ಸ್ ತಂಡ ಚದುರಿದ ಮೇಲೆ 1968ರಲ್ಲಿ ಗಿಟಾರ್ ವಾದಕ ಜಿಮ್ಮಿ ಪೇಜ್ ಈ ತಂಡವನ್ನು ಕಟ್ಟಿದರು. ಮೊದಲ ಆಲ್ಬಂ ಹೊರಬರುವ ಮುನ್ನವೇ ಅಮೆರಿಕದ ರೆಕಾರ್ಡ್ ಕಂಪನಿ ಅಟ್ಲಾಂಟಿಕ್ ಭಾರಿ ಮುಂಗಡ ಕೊಟ್ಟಿದ್ದರಿಂದ, ಇದು ಕೇಳುಗರು ಬೆಳೆಸಿದ ತಂಡವಲ್ಲ, ಹಣ ಸುರಿದು ಎಬ್ಬಿಸಿದ ಸದ್ದು ಎಂಬ ಅನುಮಾನ ವಿಮರ್ಶಕರಲ್ಲಿ ಹುಟ್ಟಿತು. 1969ರ ಮಾರ್ಚ್‌ನಲ್ಲಿ ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆಯ ಜಾನ್ ಮೆಂಡೆಲ್ಸನ್, ಜೆಫ್ ಬೆಕ್ ತಂಡ ಕೆಲವೇ ತಿಂಗಳ ಹಿಂದೆ ಮಾಡಿದ್ದಕ್ಕಿಂತ ಹೆಚ್ಚಿನದೇನೂ ಇಲ್ಲಿಲ್ಲ ಎಂದು ಬರೆದರು. ಈ ಗಾಯ ಬಹುಕಾಲ ಮಾಯಲಿಲ್ಲ.

ಆದರೆ ಇಂಗ್ಲೆಂಡಿನ ಚಿತ್ರ ಬೇರೆಯೇ ಇತ್ತು. 1970ರಲ್ಲಿ ಮೆಲಡಿ ಮೇಕರ್ ವಾರಪತ್ರಿಕೆಯ ಓದುಗರು ಬೀಟಲ್ಸನ್ನು ಹಿಂದಿಕ್ಕಿ ಲೆಡ್ ಜೆಪ್ಲಿನ್‌ಗೆ ಮೊದಲ ಸ್ಥಾನ ಕೊಟ್ಟರು. ಅದೇ ವರ್ಷದ ಮೂರನೇ ಆಲ್ಬಮ್ಮಿನಲ್ಲಿ ಅಕೂಸ್ಟಿಕ್ (ವಿದ್ಯುತ್ ವಾದ್ಯಗಳ ಅಬ್ಬರವಿಲ್ಲದ) ಹಾಡುಗಳು ಹೆಚ್ಚಿದಾಗ, ಬೇರೆಯವರ ಅನುಕರಣೆ ಎಂಬ ಹೊಸ ಆರೋಪ ಬಂತು. ಪೇಜ್ ಸಂದರ್ಶನ ಕೊಡುವುದನ್ನು ಬಹುಕಾಲ ನಿಲ್ಲಿಸಿದರು. 1971ರ ನವೆಂಬರ್‌ನಲ್ಲಿ ಬಂದ ನಾಲ್ಕನೇ ಆಲ್ಬಮ್ಮಿನ ಹೊದಿಕೆಯ ಮೇಲೆ ಶೀರ್ಷಿಕೆಯಿರಲಿ, ತಂಡದ ಹೆಸರೂ ಇರಲಿಲ್ಲ. ಅದರ ಗುರುತಾಗಿ ಉಳಿದದ್ದು ನಾಲ್ವರು ಸದಸ್ಯರ ನಾಲ್ಕು ಚಿಹ್ನೆಗಳು ಮಾತ್ರ. ಮಾರಾಟಕ್ಕೆ ಕುತ್ತು ಎಂದು ಕಂಪನಿ ಬೇಡಿಕೊಂಡರೂ ಪೇಜ್ ಜಗ್ಗಲಿಲ್ಲ. ಹೆಸರಿಲ್ಲದಿದ್ದರೆ ಸಂಗೀತವನ್ನು ಮಾತ್ರ ಕೇಳುತ್ತಾರಲ್ಲ ಎಂಬುದು ಅವರ ಹಟ. ತಮಾಷೆಯೆಂದರೆ, ಈ ಆಲ್ಬಮ್ಮನ್ನು ರೋಲಿಂಗ್ ಸ್ಟೋನ್‌ನಲ್ಲೇ ಲೆನ್ನಿ ಕೇ ಮೆಚ್ಚಿ ಬರೆದಿದ್ದರು. ಮುನಿಸಿಗೆ ಮಾತ್ರ ಅದು ಕಾಣಲಿಲ್ಲ.

1972ರ ಬೇಸಿಗೆಯಲ್ಲಿ ಅಮೆರಿಕದ ಪತ್ರಿಕೆಗಳು ರೋಲಿಂಗ್ ಸ್ಟೋನ್ಸ್ ತಂಡದ ಪ್ರವಾಸಕ್ಕೆ ಪುಟಗಟ್ಟಲೆ ಮೀಸಲಿಟ್ಟು, ಅದೇ ಹೊತ್ತಿಗೆ ಅಲ್ಲೇ ಸುತ್ತುತ್ತಿದ್ದ ಜೆಪ್ಲಿನ್ ಕಡೆ ಹೊರಳಿ ನೋಡಲಿಲ್ಲ. ಮೌನ ದುಬಾರಿಯಾಯಿತೆಂದು ತಂಡಕ್ಕೆ ಆಗ ಹೊಳೆದಿರಬೇಕು. 1973ರಲ್ಲಿ ಡ್ಯಾನಿ ಗೋಲ್ಡ್‌ಬರ್ಗ್ ಪ್ರಚಾರದ ಹೊಣೆ ಹೊತ್ತರು. ಆ ವರ್ಷದ ಮೇ 5ರಂದು ಫ್ಲಾರಿಡಾದ ಟ್ಯಾಂಪಾದಲ್ಲಿ 56,800 ಜನ ಸೇರಿ, 1965ರಲ್ಲಿ ಬೀಟಲ್ಸ್ ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ ಸೇರಿಸಿದ್ದ ಜನರ ದಾಖಲೆ ಮುರಿದಾಗ, ಆ ಸುದ್ದಿಯನ್ನು ಪತ್ರಿಕೆಗಳಿಗೆ ಮುಟ್ಟಿಸಲು ಈಗ ಒಬ್ಬರಿದ್ದರು. 1975ರ ಮಾರ್ಚ್‌ನಲ್ಲಿ ರೋಲಿಂಗ್ ಸ್ಟೋನ್‌ನ ಮುಖಪುಟದಲ್ಲೇ ತಂಡ ಕಾಣಿಸಿತು. ಆ ಲೇಖನಕ್ಕಾಗಿ ಅವರೊಡನೆ ಪ್ರವಾಸ ಮಾಡಿ, ಪೇಜ್ ಅವರ ಹಳೆಯ ಸಿಟ್ಟನ್ನು ಕರಗಿಸಿದವರು ಹದಿಹರೆಯದ ವರದಿಗಾರ ಕ್ಯಾಮರಾನ್ ಕ್ರೋ.

ಡ್ರಮ್ಮರ್ ಜಾನ್ ಬಾನಮ್ 1980ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಡಿಸೆಂಬರ್ 4ರಂದು ಚುಟುಕಾದ ಪತ್ರಿಕಾ ಹೇಳಿಕೆಯೊಂದರಿಂದ ತಂಡ ಮುಗಿಯಿತು. ಮೆಂಡೆಲ್ಸನ್ ತಳ್ಳಿಹಾಕಿದ್ದ ಮೊದಲ ಆಲ್ಬಮ್ಮಿಗೆ ಅದೇ ರೋಲಿಂಗ್ ಸ್ಟೋನ್ 2003ರಲ್ಲಿ ಸಾರ್ವಕಾಲಿಕ ಶ್ರೇಷ್ಠ 500 ಆಲ್ಬಮ್ಮುಗಳ ಪಟ್ಟಿಯಲ್ಲಿ 29ನೇ ಸ್ಥಾನ ಕೊಟ್ಟಿತು.